ಜಾಗತಿಕ ಜೀವವೈವಿಧ್ಯ ನಿಗಾ ಜಾಲಕ್ಕೆ ದೀರ್ಘಾವಧಿಯ ಗುರಿಗಳು ಏನಿರಬೇಕು?

ಉಪಗ್ರಹ, ಸೆನ್ಸರ್, ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಪಟ್ಟಿ ಮಾಡಿ, ಇವನ್ನು ಜೋಡಿಸಿ ಇಡೀ ಭೂಮಿಯ ಜೀವಿಗಳ ಮೇಲೆ ನಿಗಾ ಇಡುವ ಜಾಲ ಕಟ್ಟಬೇಕಾದರೆ ಮುಂದಿನ ಕೆಲವು ದಶಕಗಳ ಗುರಿ ಏನಿರಬೇಕು ಎಂದು ಕೇಳಿದ್ದೀರಿ. ಬೇರೆ ಬೇರೆ ಮೂಲಗಳಿಂದ ಬಂದ ಪ್ರಭೇದಗಳ ದಾಖಲೆಗಳನ್ನು ಒಂದು ಹದಕ್ಕೆ ತರುವುದು ನನ್ನ ಕೆಲಸ. ನನ್ನ ಮೇಜಿನಿಂದ ಕಾಣುವ ಮೊದಲ ಗುರಿ ತೀರಾ ಸಪ್ಪೆಯಾದದ್ದು: ಅದೇ ಜಾಗಕ್ಕೆ, ಅದೇ ವಿಧಾನದಲ್ಲಿ, ದಶಕಗಟ್ಟಲೆ ಮತ್ತೆ ಮತ್ತೆ ಹೋಗಿ ಎಣಿಸುವ ವ್ಯವಸ್ಥೆ.

ದಾಖಲೆಗಳಿಗೇನೂ ಬರವಿಲ್ಲ. 2001ರಲ್ಲಿ ಆರಂಭವಾದ ಜಿಬಿಐಎಫ್ ಎಂಬ ಮುಕ್ತ ಭಂಡಾರದಲ್ಲಿ ಯಾವ ಜೀವಿ ಎಲ್ಲಿ ಕಂಡಿತು ಎಂಬ 200 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅದರಲ್ಲಿ ಸಿಂಹಪಾಲು ಹಕ್ಕಿಗಳದ್ದು. ಶಿಲೀಂಧ್ರ, ಮಣ್ಣಿನ ಹುಳು, ಆಳಸಮುದ್ರದ ಜೀವಿಗಳನ್ನು ಹುಡುಕಿಕೊಂಡು ಹೋಗಬೇಕು. ಈ ದಾಖಲೆಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಹರಡಿದರೆ ಎಷ್ಟೋ ಕಡೆ ಕಾಡಿಗಿಂತ ಮೊದಲು ರಸ್ತೆಯೇ ಕಣ್ಣಿಗೆ ಬೀಳುತ್ತದೆ. ಚುಕ್ಕೆ ಇಲ್ಲದ ಕಡೆ ಜೀವಿಯೇ ಇಲ್ಲವೋ, ನೋಡಲು ಹೋದವರಿಲ್ಲವೋ ಎಂದು ಹೇಳಲು ಬರುವುದಿಲ್ಲ.

ಬ್ರಿಟನ್ನಿನಲ್ಲಿ 1976ರಿಂದ ನಡೆಯುತ್ತಿರುವ ಚಿಟ್ಟೆ ಎಣಿಕೆ ಈ ತೊಡಕನ್ನು ಬಹಳ ಸರಳವಾಗಿ ಬಿಡಿಸಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಗೊತ್ತುಪಡಿಸಿದ ದಾರಿಯಲ್ಲೇ ನಡೆಯಬೇಕು. ಸುಮಾರು ಐದು ಮೀಟರ್ ಅಗಲದ ಪಟ್ಟಿಯೊಳಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಚಳಿ ಇದ್ದರೆ, ಗಾಳಿ ಜೋರಾಗಿದ್ದರೆ ಎಣಿಸುವಂತಿಲ್ಲ. ಪಟ್ಟಿಯಾಚೆ ಎಷ್ಟೇ ಅಪರೂಪದ ಚಿಟ್ಟೆ ಕಂಡರೂ ಅದು ಲೆಕ್ಕಕ್ಕಿಲ್ಲ. ಒಂದೂ ಕಾಣದಿದ್ದರೆ ಆ ಸೊನ್ನೆಗೂ ಬೆಲೆಯಿದೆ.

ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರಲ್ಲಿ ಸುದ್ದಿಯಾದ ಜರ್ಮನಿಯ ಅಧ್ಯಯನವನ್ನೇ ನೋಡಿ. 63 ಸಂರಕ್ಷಿತ ತಾಣಗಳಲ್ಲಿ ಡೇರೆಯಂಥ ಬಲೆ ಕಟ್ಟಿ, ಮದ್ಯಸಾರದ ಸೀಸೆಗೆ ಬಿದ್ದ ಹಾರುವ ಕೀಟಗಳನ್ನು ತೂಗಿದ್ದರು. 27 ವರ್ಷಗಳಲ್ಲಿ ತೂಕ ಶೇಕಡಾ 75ಕ್ಕಿಂತ ಹೆಚ್ಚು ಇಳಿದಿತ್ತು. ನನ್ನ ಲೆಕ್ಕದಲ್ಲಿ ಅದು ದೊಡ್ಡ ಕೆಲಸವೇ, ಆದರೆ ಅರ್ಧಕ್ಕಿಂತ ಹೆಚ್ಚು ತಾಣಗಳಲ್ಲಿ ಮಾದರಿ ತೆಗೆದದ್ದು ಒಂದೇ ವರ್ಷ. ಹಾಗಾಗಿ ಟೀಕಿಸಲು ಬಂದವರ ಕೈಗೆ ಮೊದಲು ಸಿಕ್ಕಿದ್ದೇ ಆ ಎಳೆ.

ಹವಾಮಾನ ಜಾಲದ ಮಾದರಿಯನ್ನು ಎಲ್ಲರೂ ಮುಂದಿಡುತ್ತಾರೆ. ಉಷ್ಣಮಾಪಕವನ್ನು ಯಾರು ಓದಿದರೂ ಅದೇ ಅಂಕಿ ಬರುತ್ತದೆ. ಹಕ್ಕಿಯ ಎಣಿಕೆಯಾದರೋ ಅದರ ಕೂಗು ಕೇಳುವವರ ಕಿವಿಯ ಮೇಲೆ ನಿಂತಿದೆ. ಆದ್ದರಿಂದ ಏನನ್ನು ಅಳೆಯಬೇಕು ಎಂಬ ಒಪ್ಪಂದ ಎರಡನೆಯ ಗುರಿ. 2008ರಲ್ಲಿ ಹುಟ್ಟಿದ ಜಿಯೋ ಬಾನ್ ಎಂಬ ಅಂತರರಾಷ್ಟ್ರೀಯ ಜೀವವೈವಿಧ್ಯ ವೀಕ್ಷಣಾ ಜಾಲದ ವಿಜ್ಞಾನಿಗಳು 2013ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟಿದ್ದಾರೆ. ವಂಶವಾಹಿಗಳ ವೈವಿಧ್ಯದಿಂದ ಹಿಡಿದು ಒಂದೊಂದು ಪ್ರಭೇದದ ಜೀವಿಗಳ ಸಂಖ್ಯೆ, ಪರಿಸರ ವ್ಯವಸ್ಥೆಯ ರಚನೆಯವರೆಗೆ ಆರು ವರ್ಗಗಳಲ್ಲಿ ಅಳೆಯಲೇಬೇಕಾದವನ್ನು ಅದು ಗುರುತಿಸುತ್ತದೆ. ಹೊಸ ಚೌಕಟ್ಟು ಹುಡುಕುತ್ತಾ ಕೂರುವ ಬದಲು ಇದನ್ನೇ ತುಂಬಿಸುವುದು ಲೇಸು.

ಜೀವಿಗಳ ಗುರುತು ಹಿಡಿಯುವವರೂ ಬೇಕು. ಇದನ್ನು ಯಾರೂ ಗುರಿಯೆಂದು ಬರೆಯುವುದಿಲ್ಲ. ಕೆರೆಯ ನೀರು ಸೋಸಿ ಅದರಲ್ಲಿನ ಡಿಎನ್‌ಎ ಓದುವ ತಂತ್ರ ಬಂದಿದೆ, ನಿಜ. ಓದಿದ ತುಣುಕನ್ನು ಹೋಲಿಸಿ ನೋಡಲು ಮೊದಲೇ ಹೆಸರಿಟ್ಟ ಮಾದರಿ ಇರಬೇಕಲ್ಲ? ಆ ಮಾದರಿಗೆ ಹೆಸರಿಡುವವರು ವರ್ಗೀಕರಣ ತಜ್ಞರು. ಅವರ ಹುದ್ದೆ ತೆರವಾದರೆ ಯಂತ್ರ ಕೊಡುವ ಉತ್ತರ ‘ಗೊತ್ತಿಲ್ಲ’ ಎಂಬಲ್ಲಿಗೆ ನಿಲ್ಲುತ್ತದೆ.

ಮುಕ್ತ ದತ್ತಾಂಶ ಒಳ್ಳೆಯದೇ, ಆದರೆ ಅಪರೂಪದ ಆರ್ಕಿಡ್ ಅಥವಾ ಆಮೆಯ ನಿಖರ ಜಾಗ ಪ್ರಕಟಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಅಂಥವನ್ನು ಮಸುಕು ಮಾಡಿಯೇ ಕೊಡಬೇಕು. ಸಮೃದ್ಧ ಕಾಡಿರುವ ದೇಶದವರು ಮಾದರಿ ಸಂಗ್ರಹಿಸಿ ಕೊಡುವುದು, ಶ್ರೀಮಂತ ದೇಶದವರು ವಿಶ್ಲೇಷಿಸುವುದು ಎಂಬ ಪಾಲು ವಿಂಗಡಣೆ ಮುಂದುವರಿದರೆ ಜಾಲ ಬಹಳ ದಿನ ಬಾಳುವುದಿಲ್ಲ. ಪ್ರಯೋಗಾಲಯವೂ ನಿರ್ಧಾರವೂ ಆ ದೇಶಗಳಲ್ಲೇ ಇರಬೇಕು.

ಜೀವವೈವಿಧ್ಯ ಉಳಿಸಲು ದೇಶಗಳು ಒಪ್ಪಿದ 2022ರ ಕುನ್ಮಿಂಗ್–ಮಾಂಟ್ರಿಯಲ್ ಒಪ್ಪಂದದಲ್ಲಿ 2030ಕ್ಕೆ 23 ಗುರಿಗಳಿವೆ; ಶೇಕಡಾ 30 ನೆಲ, ಕಡಲಿನ ರಕ್ಷಣೆ ಅವುಗಳಲ್ಲೊಂದು. ಅಷ್ಟನ್ನು ರಕ್ಷಿಸಿದ್ದೇವೆ ಎಂದು ನಕ್ಷೆಯಲ್ಲಿ ಗೆರೆ ಎಳೆದು ತೋರಿಸುವುದು ಸುಲಭ. ಗೆರೆಯೊಳಗಿನ ಜೀವಿಗಳು ಹೆಚ್ಚಿದವೋ ಕುಗ್ಗಿದವೋ ಹೇಳಲು ಎಣಿಕೆಯೇ ಬೇಕು. ಸಂಶೋಧನಾ ಅನುದಾನ ಬರುವುದು ಸಾಮಾನ್ಯವಾಗಿ ಕೆಲವೇ ವರ್ಷಗಳಿಗೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಸೆನ್ಸರ್‌ಗಳ ಸಂಖ್ಯೆಯ ಪಕ್ಕ ಇನ್ನೊಂದು ಕಾಲಂ ಹಾಕಿ: ಹತ್ತು ವರ್ಷದ ಬಳಿಕ ಅವುಗಳ ಬ್ಯಾಟರಿ ಬದಲಿಸಲು ಹೋಗುವವರ ಸಂಬಳ ಯಾವ ಬಾಬ್ತಿನಿಂದ ಬರುತ್ತದೆ?