ತೋಟಕ್ಕೆ ಹೋಗಬೇಡ ಅಂದರೆ ಗಣಿತ ಬರುತ್ತಾ?

ಪ್ರಶ್ನೆ: ಅಕ್ಕಾ, ನಮ್ಮದು ಕೊಡಗಿನ ಮಾದಾಪುರದ ಕಡೆ ನಾಲ್ಕು ಎಕರೆ ಕಾಫಿ ತೋಟ. ಒಬ್ಬನೇ ಮಗ, ಈ ಸಲ ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಉಳಿದ ವಿಷಯಗಳಲ್ಲಿ ಪರವಾಗಿಲ್ಲ. ಗಣಿತದಲ್ಲಿ ಮಾತ್ರ ಮೊದಲ ಪ್ರಿಪರೇಟರಿಯಲ್ಲಿ 80ಕ್ಕೆ 19 ಬಂತು. ಅವತ್ತಿನಿಂದ ಮನೆಯವರು ಅವನನ್ನು ತೋಟಕ್ಕೆ ಕಾಲಿಡಲು ಬಿಡುತ್ತಿಲ್ಲ. 'ಓದದಿದ್ರೆ ಇಲ್ಲೇ ಗೊಬ್ಬರ ಹೊತ್ಕೊಂಡು ಸಾಯ್ತೀಯ' ಅಂತ ದಿನಾ ಬೈಗುಳ. ಅವನಿಗೋ ತೋಟ ಅಂದರೆ ಜೀವ. ಕಾಂಡ ಸವರಿ ನೋಡಿ ಯಾವ ಗಿಡಕ್ಕೆ ಬೋರರ್ (ಕಾಂಡ ಕೊರೆಯುವ ಹುಳು) ಬಿದ್ದಿದೆ ಅಂತ ಹೇಳುತ್ತಾನೆ. ಕಾಫಿ ವ್ಯಾಪಾರಿ ಬಂದರೆ ಓಟಿ (ಚೀಲಕ್ಕೆ ಎಷ್ಟು ಬೀಜ ಅನ್ನುವ) ಲೆಕ್ಕ ಬಾಯಲ್ಲೇ ಹಾಕುತ್ತಾನೆ. ಮನೆಯವರು ಪೇಟೆಗೆ ಹೋದಾಗ ನಾನೇ ಕದ್ದು ಒಂದು ಗಂಟೆ ತೋಟಕ್ಕೆ ಕಳಿಸುತ್ತೇನೆ, ಅವತ್ತು ಮಾತ್ರ ಸರಿಯಾಗಿ ಊಟ ಮಾಡುತ್ತಾನೆ. ಟೆಸ್ಟ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ. ಮೊನ್ನೆ ರಾತ್ರಿ 'ನನ್ನಿಂದ ಈ ಮನೆಗೆ ಏನೂ ಉಪಯೋಗ ಇಲ್ಲಮ್ಮ' ಅಂದ. 2018ರ ಮಳೆಯಲ್ಲಿ ಗುಡ್ಡ ಜಾರಿ ನಮ್ಮ ಒಂದು ಎಕರೆ ಹೋಯಿತು. ಮಗ ಈ ಮಣ್ಣು ನಂಬಿ ಬದುಕಬಾರದು ಅಂತ ಆಗಿನಿಂದ ಇವರಿಗೆ ಹಠ. ಮಂಗಳೂರಿನ ಒಂದು ಪಿಯು ಕಾಲೇಜಿಗೆ ನೀಟ್ ಕೋಚಿಂಗ್ ಸೇರಿಸಿ ಅಡ್ವಾನ್ಸ್ ಕೂಡ ಕಟ್ಟಿದ್ದಾರೆ. ನಾನು ಕದ್ದು ಕಳಿಸುತ್ತಿರುವುದು ಸರಿಯಾ? ಮಗನ ಪರ ನಿಲ್ಲಲಾ, ಗಂಡನ ಮಾತು ಕೇಳಲಾ?
– ಹೆಸರು ಬೇಡ

ತಂಗೀ, ನೀವು ಕೇಳಿದ್ದಕ್ಕೆ ಬರುತ್ತೇನೆ. ಮೊದಲು ಮೊನ್ನೆ ರಾತ್ರಿಯ ಮಾತು.

'ನನ್ನಿಂದ ಏನೂ ಉಪಯೋಗ ಇಲ್ಲ' ಅಂದನಲ್ಲ, ಅದನ್ನು ಹಗುರವಾಗಿ ತಗೋಬೇಡಿ. 'ಛೇ, ಹಾಗೆಲ್ಲ ಅನ್ನಬಾರದು' ಅಂತ ಬಾಯಿ ಮುಚ್ಚಿಸಬೇಡಿ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಯಾಕಪ್ಪಾ ಹಾಗನ್ನಿಸ್ತು, ಸಾಯಬೇಕು ಅಂತ ಏನಾದರೂ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿ. ಕೇಳಿದರೆ ನಾವೇ ತಲೆಗೆ ತುಂಬಿದ ಹಾಗಾಗುತ್ತೇನೋ ಅಂತ ಎಷ್ಟೋ ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಮಕ್ಕಳಿಗೆ ಹಗುರವೇ ಆಗುತ್ತದೆ. ಅವನು ಹೌದು ಅಂದರೆ, ಅಥವಾ ಉತ್ತರ ಹೇಳದೆ ಮುಖ ತಿರುಗಿಸಿದರೂ ಸರಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ. ಗಣಿತ ಗಿಣಿತ ಎಲ್ಲ ಆಮೇಲೆ. ರಾತ್ರಿ ಹೊತ್ತಲ್ಲಿ ಏನು ಮಾಡಬೇಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಅವನೂ ಮಾಡಬಹುದು ನೀವೂ ಮಾಡಬಹುದು. ಇನ್ನೊಂದು. ತೋಟದ ಮನೆ ಅಂದ ಮೇಲೆ ಔಷಧಿ ಡಬ್ಬಿಗಳು ಇದ್ದೇ ಇರುತ್ತವೆ. ಬೀಗ ಹಾಕಿಡಿ. ಮನೆಯಲ್ಲಿ ಕೋವಿ ಇದ್ದರೆ ಅದಕ್ಕೂ ಬೀಗ ಬೀಳಲಿ, ಕೀಲಿಕೈ ದೊಡ್ಡವರ ಹತ್ತಿರ ಇರಲಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನ ಮಕ್ಕಳು ಬೇಜಾರಿಗೆ ಹಾಗೆ ಅಂದಿರುತ್ತಾರೆ, ನಿಮ್ಮ ಮಗನೂ ಹಾಗೇ ಅಂದಿರಬಹುದು. ಆದರೂ ಇಷ್ಟನ್ನು ಮಾಡಿಡಿ.

ಈಗ ಕದ್ದು ಕಳಿಸುವ ವಿಚಾರ. ನಿಲ್ಲಿಸಿ. ತೋಟಕ್ಕೆ ಕಳಿಸುವುದನ್ನು ಅಲ್ಲ, ಕದಿಯುವುದನ್ನು. ನಿಮ್ಮ ಮನಸ್ಸು ಅರ್ಥವಾಗುತ್ತದೆ, ಊಟ ಬಿಟ್ಟ ಮಗನಿಗೆ ಒಂದು ಗಂಟೆ ನೆಮ್ಮದಿ ಕೊಟ್ಟಿರಿ. ಆದರೆ ಆ ಹುಡುಗ ಆ ಒಂದು ಗಂಟೆಯೂ ಕಿವಿಯನ್ನು ಗೇಟಿನ ಕಡೆಯೇ ಇಟ್ಟುಕೊಂಡಿರುತ್ತಾನೆ, ಅಪ್ಪನ ಜೀಪ್ ಶಬ್ದ ಬಂತಾ ಅಂತ. ತನಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ತಪ್ಪು ಕೆಲಸದ ಹಾಗೆ ಮಾಡುತ್ತಿದ್ದಾನೆ. ಅದೂ ಅಲ್ಲದೆ ಸಿಕ್ಕಿಬಿದ್ದ ದಿನ ಬೈಗುಳ ತಿನ್ನುವವರು ಇಬ್ಬರಾಗುತ್ತೀರಿ, ಆಮೇಲೆ ನಿಮ್ಮ ಮಾತಿಗೆ ಮನೆಯಲ್ಲಿ ತೂಕ ಇರುವುದಿಲ್ಲ. ಹಾಗಾಗಿ ಮನೆಯವರ ಹತ್ತಿರ ನೀವೇ ಕೂತು ಮಾತಾಡಲೇಬೇಕು. ಮಗ ಮನೆಯಲ್ಲಿ ಇಲ್ಲದಾಗ, ಅವರು ಕಣದ ಕೆಲಸ ಮುಗಿಸಿ ಕಾಫಿ ಕುಡಿಯುವ ಹೊತ್ತಲ್ಲಿ ಮಾತು ತೆಗೆಯಿರಿ.

ಮಾತು ತೆಗೆಯುವಾಗ 'ನೀವು ಮಗನನ್ನು ಕೊಲ್ತಿದ್ದೀರಿ' ಅಂತ ಶುರು ಮಾಡಿದರೆ ಕೆಟ್ಟಿತು. ಆ ಮನುಷ್ಯನ ಭಯ ಸುಳ್ಳಲ್ಲ. 2018ರ ಆಗಸ್ಟಿನಲ್ಲಿ ಮಾದಾಪುರ, ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು ಅಂತ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಜ್ಜನ ಕಾಲದಿಂದ ಸಾಕಿದ ತೋಟ ಒಂದೇ ಬೆಳಗಿನಲ್ಲಿ ಕೆಸರಾಗಿ ಹೊಳೆಗೆ ಹೋಗಿದ್ದನ್ನು ಕಣ್ಣಾರೆ ಕಂಡವರು, ಮಗನಾದರೂ ಸಂಬಳದ ಕೆಲಸ ಹಿಡಿಯಲಿ ಅಂತ ಬಯಸಿದರೆ ಅದರಲ್ಲಿ ಪ್ರೀತಿಯೇ ಇರುವುದು. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷಗಳನ್ನು ನಂಬಿ ಕೂತವರು ಮುಂದಿನ ವರ್ಷಗಳಲ್ಲಿ ಗೊಬ್ಬರದ ಸಾಲಕ್ಕೆ ಓಡಾಡಿದ್ದನ್ನೂ ಅವರು ನೋಡಿದ್ದಾರೆ. ಅದನ್ನು ನೀವು ಒಪ್ಪಿಕೊಂಡೇ ಮಾತಾಡಿ. ಒಪ್ಪಿಕೊಂಡ ಮೇಲೆ ಒಂದೇ ಒಂದು ಮಾತು ಕೇಳಿ, 'ಓದದಿದ್ರೆ ತೋಟವೇ ಗತಿ' ಅನ್ನೋದನ್ನು ಬಿಡಿ ಅಂತ.

ನಮ್ಮ ಕಡೆ ಈ ಬೈಗುಳ ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಅಪ್ಪ ಇಡೀ ಜೀವನ ಮಾಡಿದ ಕೆಲಸವನ್ನೇ ಮಗನಿಗೆ ಶಿಕ್ಷೆ ಅಂತ ತೋರಿಸುವುದು. ಸುಮ್ನೆ ಮೊಬೈಲ್ ನೋಡಿಕೊಂಡು ಬಿದ್ದಿರುವ ಹುಡುಗನಿಗೆ ಈ ಮಾತು ತಾಕಲಿಕ್ಕಿಲ್ಲ. ನಿಮ್ಮ ಮಗನಿಗೆ ತಾಕುತ್ತದೆ, ಯಾಕೆಂದರೆ ಅವನಿಗೆ ಬರುವುದೇ ಅದು. ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡವನ್ನು ಕಂಡುಹಿಡಿಯುವುದು ಸಣ್ಣ ವಿಷಯವಲ್ಲ. ಎಲೆ ಹಳದಿಯಾಗಿ ಬಾಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ತೊಗಟೆಯ ಒಳಗೆ ಹುಳು ಓಡಾಡಿದ ಕಡೆ ಕಾಂಡದ ಮೇಲೆ ಏಳುವ ಉಬ್ಬುಗೆರೆ ಇದೆಯಲ್ಲ, ಅದನ್ನು ಬೆರಳಿನಲ್ಲಿ ಗುರುತಿಸಲು ಅಭ್ಯಾಸ ಬೇಕು. ದುಂಬಿ ಏಪ್ರಿಲ್ ಹೊತ್ತಿಗೆ ಹೊರಗೆ ಹಾರುವ ಮೊದಲೇ ಆ ಗಿಡ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ ಸಾಲಿಗೂ ಹಬ್ಬುತ್ತದೆ. ಹದಿನೈದು ವರ್ಷದ ಹುಡುಗ ಇದನ್ನು ಮಾಡುತ್ತಾನೆ ಅಂದರೆ ನೋಡುವುದು, ನೆನಪಿಡುವುದು, ಹೋಲಿಸುವುದು, ತಪ್ಪಾದರೆ ಮತ್ತೆ ನೋಡುವುದು ಎಲ್ಲವನ್ನೂ ಕಲಿತಿದ್ದಾನೆ. ಇದು ವಿಜ್ಞಾನವೇ. ಯಾರೂ ಅವನಿಗೆ ಹಾಗಂತ ಹೇಳಿಲ್ಲ ಅಷ್ಟೇ. ಅವನು ಉಪಯೋಗಕ್ಕೆ ಬರುವ ಒಂದೇ ಜಾಗದ ಬಾಗಿಲು ಹಾಕಿಬಿಟ್ಟು, ಬಾರದ ಜಾಗದಲ್ಲಿ ದಿನಾ ಹತ್ತು ಗಂಟೆ ಕೂರಿಸಿದರೆ ಅವನು 'ನನ್ನಿಂದ ಉಪಯೋಗ ಇಲ್ಲ' ಅನ್ನದೆ ಇನ್ನೇನು ಅಂದಾನು?

ಹಾಗಂತ ನಿಮಗೂ ಒಂದು ಮಾತು ಹೇಳಬೇಕು. ಮಾರ್ಕ್ಸ್ ಬೇಡ, ಪುಸ್ತಕ ಬೇಡ, ಹುಡುಗ ತೋಟದಲ್ಲೇ ಎಲ್ಲ ಕಲಿಯುತ್ತಾನೆ ಅಂತ ನಾನು ಹೇಳುವುದಿಲ್ಲ. ಅದು ಕೇಳಲು ಚೆನ್ನಾಗಿರುತ್ತದೆ, ಹುಡುಗನಿಗೆ ಒಳ್ಳೆಯದಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಪಾಸಾಗದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ, ತೋಟದ ಕಡೆಗೆ ಹೋಗುವ ಓದಿನ ಬಾಗಿಲೂ ಸೇರಿ. ಹೊಟ್ಟೆನೋವು ಬಂದಾಗೆಲ್ಲ ತೋಟಕ್ಕೆ ಕಳಿಸಿದರೆ ಗಣಿತ ಅಂದರೆ ತಪ್ಪಿಸಿಕೊಳ್ಳಬೇಕಾದದ್ದು ಅಂತ ಅವನ ತಲೆಯಲ್ಲಿ ಗಟ್ಟಿಯಾಗುತ್ತದೆ. ಗಣಿತ ಕಲಿಯಲೇಬೇಕು. ಮತ್ತು ಅವನಿಗೆ ಬರುತ್ತದೆ. ಹೇಗೆ ಅಂತ ತೋರಿಸುತ್ತೇನೆ, ಈ ಭಾಗವನ್ನು ಅವನಿಗೂ ಓದಲು ಕೊಡಿ.

50 ಕೆಜಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಓಟಿ, ಇದು ಅವನಿಗೆ ಗೊತ್ತು. 26 ಓಟಿ ಅಂದರೆ ಶೇಕಡಾ 52. ಈಗ ಒಂದು ಲೆಕ್ಕ. ಒಟ್ಟು 40 ಚೀಲ. ಕೆಲವು 26 ಓಟಿ, ಕೆಲವು 28 ಓಟಿ. ಎಲ್ಲ ಸೇರಿ 1,070 ಕೆಜಿ ಬೀಜ ಬಂತು. ಯಾವುದು ಎಷ್ಟು ಚೀಲ? ಇದನ್ನು ಬಾಯಲ್ಲಿ ಕೇಳಿ ನೋಡಿ. ಅವನು ಹೆಚ್ಚುಕಡಿಮೆ ಹೀಗೆ ಹೋಗುತ್ತಾನೆ: ಎಲ್ಲವೂ 26 ಆಗಿದ್ದರೆ 1,040 ಬರಬೇಕಿತ್ತು, 30 ಕೆಜಿ ಜಾಸ್ತಿ ಬಂದಿದೆ, ಒಂದು 28ರ ಚೀಲಕ್ಕೆ 2 ಕೆಜಿ ಜಾಸ್ತಿ, ಅಂದರೆ ಅವು 15 ಚೀಲ, ಉಳಿದ 25 ಚೀಲ 26ರದ್ದು. ಮುಗೀತು. ಈಗ ಪುಸ್ತಕ ತೆಗೆಸಿ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಅಂತ ಪಾಠ ಇದೆ. ಅಲ್ಲಿ 26ರ ಚೀಲಕ್ಕೆ ಎಕ್ಸ್, 28ರ ಚೀಲಕ್ಕೆ ವೈ ಅಂತ ಹೆಸರಿಟ್ಟು, ಎರಡು ಸಾಲು ಬರೆದು, ಮೊದಲ ಸಾಲನ್ನು 26ರಿಂದ ಗುಣಿಸಿ ಎರಡನೆಯದರಿಂದ ಕಳೆಯುತ್ತಾರೆ. ಉಳಿಯುವುದು ಎರಡು ವೈ ಸಮ 30. ಅವನು ಬಾಯಲ್ಲಿ ಮಾಡಿದ್ದೇ ಇದು, ಒಂದು ಹೆಜ್ಜೆಯೂ ಬೇರೆ ಇಲ್ಲ. ಪುಸ್ತಕ ಇದನ್ನು ವರ್ಜಿಸುವ ವಿಧಾನ ಅನ್ನುತ್ತದೆ.

ಹಾಗಾದರೆ 19 ಯಾಕೆ ಬಂತು? ಬಾಯಿಲೆಕ್ಕದ ಹುಡುಗರಿಗೆ ಆಗುವ ತೊಂದರೆ ನಾನು ನೋಡಿದ ಮಟ್ಟಿಗೆ ಒಂದೇ. ಉತ್ತರ ಥಟ್ಟನೆ ಬರುತ್ತದೆ, ಹಂತ ಬರೆಯಲು ಬೇಜಾರು. ಉತ್ತರ ಬರದಿದ್ದರೆ ಆ ಪ್ರಶ್ನೆಯನ್ನೇ ಖಾಲಿ ಬಿಟ್ಟುಬಿಡುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ, ಸೂತ್ರ ಬರೆದು ಬೆಲೆ ಹಾಕಿದರೂ ಏನೋ ಒಂದು ಸಿಗುತ್ತದೆ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಶಾಲೆಗೆ ಹೋಗಿ ಗಣಿತದ ಟೀಚರ ಹತ್ತಿರ ಆ ಪ್ರಿಪರೇಟರಿ ಉತ್ತರ ಪತ್ರಿಕೆ ಕೇಳುವುದು. ಸಾಧ್ಯವಾದರೆ ಇಬ್ಬರೂ ಹೋಗಿ. ಹೋದ 61 ಅಂಕದಲ್ಲಿ ಖಾಲಿ ಬಿಟ್ಟಿದ್ದು ಎಷ್ಟು, ಅರ್ಧಕ್ಕೆ ನಿಲ್ಲಿಸಿದ್ದು ಎಷ್ಟು, ನಿಜವಾಗಿ ಗೊತ್ತಿಲ್ಲದ್ದು ಎಷ್ಟು ಅಂತ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಸಿಕೊಳ್ಳಿ. ಇದನ್ನು ನೋಡಿದಾಗ ನಿಮ್ಮ ಯಜಮಾನರ ಸಿಟ್ಟು ಅರ್ಧ ಇಳಿಯುತ್ತದೆ ಅಂತ ನನ್ನ ನಂಬಿಕೆ. ಮಗ ದಡ್ಡ ಅನ್ನುವುದು ಒಂದು, ಮಗ ಇಷ್ಟು ಪ್ರಶ್ನೆ ಖಾಲಿ ಬಿಟ್ಟಿದ್ದಾನೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮದ್ದಿದೆ.

ಇಡೀ ಪುಸ್ತಕ ಮೊದಲಿಂದ ಹಿಡಿಯಲು ಈಗ ಟೈಮಿಲ್ಲ. ಸಮೀಕರಣ, ನಕ್ಷೆ, ಸಂಖ್ಯಾಶಾಸ್ತ್ರ, ಥೇಲ್ಸನ ಪ್ರಮೇಯ, ಇಷ್ಟು ಕೈಗೆ ಬಂದರೆ ಧೈರ್ಯ ಬರುತ್ತದೆ. ತ್ರಿಕೋನಮಿತಿಯ ಎತ್ತರ ಮತ್ತು ದೂರದ ಲೆಕ್ಕ ಹೆದರಿಸಿದರೆ ತೋಟದ ಸಿಲ್ವರ್ ಮರದ ಮುಂದೆ ನಿಲ್ಲಿಸಿ: ತುದಿ 45 ಡಿಗ್ರಿಯಲ್ಲಿ ಕಾಣುವಷ್ಟು ಹಿಂದೆ ಸರಿದರೆ, ಬುಡದಿಂದ ಅವನಿರುವ ದೂರಕ್ಕೆ ಅವನ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಬೋರ್ಡ್ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆ ಪತ್ರಿಕೆಗಳಿವೆ, ದಿನಕ್ಕೆ ಒಂದಿಷ್ಟು ಪ್ರಶ್ನೆ, ಕಡ್ಡಾಯವಾಗಿ ಹಂತ ಬರೆದು. ನೀವು ಗಣಿತ ಓದಿರಬೇಕಾಗಿಲ್ಲ, ಖಾಲಿ ಬಿಟ್ಟಿದ್ದಾನಾ ಅಂತ ನೋಡಿದರೆ ಸಾಕು.

ತೋಟದ ವಿಷಯಕ್ಕೆ ಮನೆಯವರ ಜೊತೆ ಹೀಗೆ ಒಪ್ಪಂದ ಮಾಡಿಕೊಳ್ಳಿ. ಸಂಜೆ ಒಂದು ಗಂಟೆ ತೋಟ, ಅಪ್ಪನಿಗೆ ಗೊತ್ತಿದ್ದೇ. ಇನ್ನೂ ಒಳ್ಳೆಯದು ಅಂದರೆ ಅಪ್ಪನ ಜೊತೆಗೇ. ಈಗ ರೊಬಸ್ಟಾ ಕುಯ್ಲಿನ ಸಮಯ, ಅವರಿಗೂ ತಲೆ ಕೆಟ್ಟಿರುತ್ತದೆ, ಸಂಜೆ ಚೀಲದ ಲೆಕ್ಕ ಬರೆಯುವ ಕೆಲಸ ಮಗನಿಗೆ ಬಿಟ್ಟರೆ ಇಬ್ಬರಿಗೂ ಲಾಭ. ಈ ಒಂದು ಗಂಟೆಯನ್ನು ಬಹುಮಾನ ಮಾಡಬೇಡಿ, ಮಾರ್ಕ್ಸ್ ಕಡಿಮೆಯಾದರೆ ಕಿತ್ತುಕೊಳ್ಳುವ ಮಾತೂ ಬೇಡ. ಊಟ, ನಿದ್ದೆಯನ್ನು ಯಾರೂ ಹಾಗೆ ಕಿತ್ತುಕೊಳ್ಳುವುದಿಲ್ಲ ಅಲ್ವಾ? ಅವನಿಗೆ ಇದೂ ಅಷ್ಟೇ ಮುಖ್ಯ. ಹಾಂ, 2024ರಿಂದ ಎಸ್ಸೆಸ್ಸೆಲ್ಸಿಯನ್ನು ಅದೇ ವರ್ಷ ಇನ್ನೊಮ್ಮೆ ಬರೆಯುವ ಅವಕಾಶ ಇದೆ, ಜಾಸ್ತಿ ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಪರೀಕ್ಷೆಗೆ ಮೊದಲೇ ಅವನಿಗೆ ಹೇಳಿಡಿ. ಹೊಟ್ಟೆನೋವಿನ ಮಕ್ಕಳಿಗೆ ಎರಡನೇ ಬಾಗಿಲು ಇದೆ ಅಂತ ಗೊತ್ತಿರುವುದೇ ಅರ್ಧ ಔಷಧ.

ಇನ್ನು ನೀಟ್. ನಾನು ನಿಷ್ಠುರವಾಗಿಯೇ ಹೇಳುತ್ತೇನೆ, ಈ ಹುಡುಗನನ್ನು ಈಗ ಹಾಸ್ಟೆಲಿಗೆ ಹಾಕಿ ಆ ಕೋಚಿಂಗಿಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. 180 ಪ್ರಶ್ನೆ, 720 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಗಣಿತ ಅನ್ನುವ ವಿಷಯ ಅದರಲ್ಲಿ ಇಲ್ಲ ನಿಜ, ಆದರೆ ಭೌತಶಾಸ್ತ್ರದ ತುಂಬ ಇರುವುದು ಗಣಿತವೇ. ಈಗಲೇ ಹೊಟ್ಟೆನೋವು ಬರುವ ಹುಡುಗ, ತೋಟ ಇಲ್ಲ, ಅಮ್ಮ ಇಲ್ಲ, ಕನ್ನಡ ಮೀಡಿಯಂನಿಂದ ಇಂಗ್ಲಿಷಿಗೆ ಬೇರೆ ಹೋಗಬೇಕು. ಯಜಮಾನರಿಗೆ ಬೇಕಾದದ್ದು ಮಗನಿಗೊಂದು ಗಟ್ಟಿ ಓದು ಮತ್ತು ಸಂಬಳ. ಅದು ನಿಮ್ಮ ಜಿಲ್ಲೆಯಲ್ಲೇ ಇದೆ ಅಂತ ಅವರಿಗೆ ತೋರಿಸಿ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ, ನಾಲ್ಕು ವರ್ಷದ ಬಿಎಸ್ಸಿ. ಪಿಯು ವಿಜ್ಞಾನ ಮಾಡಿ ಸಿಇಟಿ ಬರೆದು ಹೋಗಬೇಕು. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಅಂತಲೇ ಮೀಸಲು ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಅಲ್ಲಿ ಬೆಳೆ, ಬೀಜ, ಸಲಕರಣೆ ಗುರುತಿಸಲು ನಿಮ್ಮ ಮಗನಿಗೆ ಯಾರೂ ಕೋಚಿಂಗ್ ಕೊಡಬೇಕಾಗಿಲ್ಲ. ಪಿಯು ವಿಜ್ಞಾನ ಭಾರ ಅನ್ನಿಸಿದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕನ್ನಡದಲ್ಲೇ ಕಲಿಸುತ್ತಾರೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅಪ್ಪ ಮಗ ಇಬ್ಬರೂ ಅಲ್ಲಿಗೆ ಹೋಗಿ ಬರಲಿ. ಬೋರರ್ ಬಗ್ಗೆಯೇ ಕೆಲಸ ಮಾಡುವ, ಸಂಬಳ ತೆಗೆದುಕೊಳ್ಳುವ ಜನ ಇದ್ದಾರೆ ಅಂತ ಇಬ್ಬರಿಗೂ ಕಣ್ಣಾರೆ ಕಾಣಲಿ.

ಕಟ್ಟಿದ ಅಡ್ವಾನ್ಸ್ ಬಗ್ಗೆ ಈಗಲೇ ಜಗಳ ಬೇಡ. ರಸೀದಿ ಹುಡುಕಿ ಇಟ್ಟುಕೊಳ್ಳಿ, ಸೀಟು ಬೇಡ ಅಂದರೆ ಎಷ್ಟು ವಾಪಸ್, ಯಾವ ತಾರೀಖಿನೊಳಗೆ ಹೇಳಬೇಕು ಅಂತ ಆ ಕಾಲೇಜಿಗೆ ಪತ್ರ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಆ ತಾರೀಖು ಫಲಿತಾಂಶಕ್ಕಿಂತ ಮುಂಚೆ ಇದ್ದರೆ ಈ ಮಾತನ್ನು ಮನೆಯಲ್ಲಿ ಅಷ್ಟರೊಳಗೇ ಎತ್ತಬೇಕಾಗುತ್ತದೆ, ಮತ್ತು ಆಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.