ಎಪಾಲೆಟ್ ಶಾರ್ಕ್ ನಿಜಕ್ಕೂ ನಡೆಯುತ್ತದಾ?

ಹೌದು, ನಡೆಯುತ್ತದೆ. ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಕಾಲಿನ ಹಾಗೆ ಊರಿಕೊಂಡು, ಮೈ ಬಳುಕಿಸುತ್ತಾ ಹಲ್ಲಿಯಂತೆ ಸಾಗುತ್ತದೆ. ಇದು ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ನ್ಯೂಗಿನಿಯ ದಕ್ಷಿಣ ತೀರದಲ್ಲಿ, ಆಳವಿಲ್ಲದ ಹವಳದ ದಿಬ್ಬಗಳ ತಳದಲ್ಲಿ ಬದುಕುವ ಮೀನು. ಉದ್ದ ಹೆಚ್ಚೆಂದರೆ 1 ಮೀಟರ್ ಆಸುಪಾಸು. ಎದೆರೆಕ್ಕೆಯ ಹಿಂದೆ ಬಿಳಿ ಅಂಚಿನ ದೊಡ್ಡ ಕಪ್ಪು ಚುಕ್ಕೆ ಇರುತ್ತದೆ, ಗುರುತು ಹಿಡಿಯೋದು ಸುಲಭ.

ನನಗೆ ಜಾಸ್ತಿ ಬೆರಗು ಹುಟ್ಟಿಸೋದು ಇದರ ಉಸಿರಾಟ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ದಿಬ್ಬದ ಮೇಲೆ ಸಣ್ಣ ಸಣ್ಣ ಹೊಂಡಗಳು ಉಳಿಯುತ್ತವೆ. ರಾತ್ರಿಯಾದರೆ ಅದರಲ್ಲಿರುವ ಹವಳ, ಪಾಚಿ, ಏಡಿ ಎಲ್ಲವೂ ಸೇರಿ ಆಕ್ಸಿಜನ್ ಬಳಸಿಬಿಡುತ್ತವೆ. ಬೇರೆ ಮೀನಾದರೆ ಒದ್ದಾಡಿ ಸಾಯುತ್ತಿತ್ತು. ಇದು ಮಾತ್ರ ಎದೆಬಡಿತ ನಿಧಾನ ಮಾಡಿ, ಮೆದುಳಿನ ಕೆಲವು ಭಾಗಗಳ ಕೆಲಸವನ್ನೇ ತಗ್ಗಿಸುತ್ತದೆ. ಪ್ರಯೋಗಗಳಲ್ಲಿ ಆಕ್ಸಿಜನ್ ಇಲ್ಲದೆ ಸುಮಾರು 1 ಗಂಟೆ ಬದುಕಿದೆ! ಹೊಂಡ ತೀರಾ ಬತ್ತಿದರೆ ಹವಳದ ಮೇಲೆ ತೆವಳಿಕೊಂಡು ಪಕ್ಕದ ಹೊಂಡಕ್ಕೆ ಹೋಗುತ್ತದೆ.

ಆಹಾರ ಹುಳು, ಏಡಿ, ಸಿಗಡಿ. ಸಾಮಾನ್ಯವಾಗಿ ಒಂದು ಸಲಕ್ಕೆ 2 ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು 4 ತಿಂಗಳು ಬೇಕು. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ, ಆದರೆ ಸುಮ್ನೆ ಹಿಡಿಯಲು ಹೋದರೆ ಕಚ್ಚಬಹುದು.