ಮೂಲೆ ಕರಕಲಾದರೆ ಪವರ್ ಇಳಿಸಬೇಡಿ, ಜಿ-ಕೋಡ್ ತೆರೆದು ನೋಡಿ

ಮೂಲೆಯೆಲ್ಲ ಕರಕಲು, ಅಕ್ಷರದಿಂದ ಅಕ್ಷರಕ್ಕೆ ತೆಳುವಾದ ಸುಟ್ಟ ಗೆರೆ. ಲೇಸರ್‌ನಲ್ಲಿ ಕೆತ್ತಿದ ಇಂಥ ಪ್ಲೈವುಡ್ ನನಗೆ ಹಳೇ ಪರಿಚಯ. ಇದನ್ನು ತಪ್ಪಿಸಲು ಪವರ್ ಎಷ್ಟು, ಸ್ಪೀಡ್ ಎಷ್ಟು ಇಡಲಿ ಅಂತ ಕೇಳಿದ್ದೀರಿ. ಅವೆರಡನ್ನು ಎಷ್ಟು ತಿರುಚಿದರೂ ಇದು ಹೋಗುವುದಿಲ್ಲ. ಕ್ಯಾಮ್ ಸಾಫ್ಟ್‌ವೇರ್ (ಚಿತ್ರವನ್ನು ಯಂತ್ರದ ಚಲನೆಗಳಾಗಿ ಬದಲಿಸುವ ತಂತ್ರಾಂಶ) ಕೊಟ್ಟ ಜಿ-ಕೋಡ್ ಫೈಲನ್ನು, ಅಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿಯನ್ನು, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಆರಂಭದಲ್ಲಿ ಎಂ3 (ಸ್ಪಿಂಡಲ್ ಅಥವಾ ಲೇಸರ್ ಚಾಲೂ ಮಾಡುವ ಆಜ್ಞೆ), ನಡುನಡುವೆ ಝಡ್5 (ಹೆಡ್ ಮೇಲೆತ್ತುವ ಆಜ್ಞೆ) ಕಂಡರೆ ನೀವು ಆರಿಸಿರುವುದು ಮಿಲ್ಲಿಂಗ್ ಪೋಸ್ಟ್ ಪ್ರೊಸೆಸರ್, ಅಂದರೆ ಕಟರ್ ಯಂತ್ರಕ್ಕೆ ತಕ್ಕಂತೆ ಫೈಲ್ ಬರೆಯುವ ಆಯ್ಕೆ. ಕಟರ್ ಮೇಲೆತ್ತಿದರೆ ಕೊರೆತ ನಿಲ್ಲುತ್ತದೆ, ಸ್ಪಿಂಡಲ್ ತಿರುಗುತ್ತಿದ್ದರೂ ಚಿಂತೆಯಿಲ್ಲ. ಲೇಸರ್ ಎತ್ತಿದರೆ ಫೋಕಸ್ ಕೆಡುತ್ತದೆಯೇ ಹೊರತು ಕಿರಣ ಆರುವುದಿಲ್ಲ. ಆ ಗೆರೆ ಬಂದಿದ್ದು ಅಲ್ಲಿಂದ. ಲೇಸರ್ ಪೋಸ್ಟ್ ಹಾಕಿ, ಝಡ್ ಪೂರ್ತಿ ತೆಗೆಸಿ. ಕಂಟ್ರೋಲರಿನ ಫರ್ಮ್‌ವೇರ್ ಜಿಆರ್‌ಬಿಎಲ್ 1.1 ಆದರೆ $32=1 (ಲೇಸರ್ ಮೋಡ್) ಕೊಡಿ; ಆಗ ಜಿ0 ಚಲನೆಯಲ್ಲಿ, ಅಂದರೆ ಖಾಲಿ ಓಟದಲ್ಲಿ, ಕಿರಣ ತಾನೇ ಆರುತ್ತದೆ. ಆದರೆ ಕೆಲವು ಸಾಫ್ಟ್‌ವೇರ್‌ಗಳು ಖಾಲಿ ಓಟವನ್ನೂ ಜಿ1 (ಕೆತ್ತುವ ಚಲನೆ) ಎಂದೇ ಬರೆಯುತ್ತವೆ. ಅಲ್ಲಿ ಎಸ್0 (ಪವರ್ ಸೊನ್ನೆ) ಇಲ್ಲದಿದ್ದರೆ ಗೆರೆ ಮತ್ತೆ ಹಾಜರ್.

ಕರಕಲಿಗೆ ಕಾರಣ ಎಂ3. ಮೂಲೆಯಲ್ಲಿ ಹೆಡ್ ನಿಧಾನವಾಗುತ್ತದೆ, ಪವರ್ ಮಾತ್ರ ಇಳಿಯುವುದಿಲ್ಲ. ಅದರ ಬದಲು ಎಂ4 ಹಾಕಿದರೆ ನಿಜವಾದ ವೇಗಕ್ಕೆ ತಕ್ಕಂತೆ ಪವರ್ ತಗ್ಗುತ್ತದೆ. ಕೆತ್ತನೆಗೆ ಎಂ3 ಬಳಸಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ಫೋಟೋ, ಫಿಲ್ (ಒಳಗೆಲ್ಲ ತುಂಬಿದ ಆಕಾರ) ಕೆತ್ತುವುದಾದರೆ ಓವರ್‌ಸ್ಕ್ಯಾನ್, ಅಂದರೆ ಹೆಡ್ ವೇಗ ಹಿಡಿಯಲು ಚಿತ್ರದ ಅಂಚಿನಾಚೆ ಹೆಚ್ಚುವರಿ ಓಟ, ಬೇಕೇ ಬೇಕು. ಅಂದಾಜು ಹೊಡೆಯಬೇಡಿ, ಲೆಕ್ಕ ಹಾಕಿ: ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ. ನಿಮಿಷಕ್ಕೆ 6000 ಮಿ.ಮೀ. ಅಂದರೆ ಸೆಕೆಂಡಿಗೆ 100; $120 (ಎಕ್ಸ್ ಅಕ್ಷದ ವೇಗೋತ್ಕರ್ಷ) ಬೆಲೆ 1000 ಇದ್ದರೆ ಎರಡೂ ಬದಿ 5 ಮಿ.ಮೀ. ಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ 1.25 ಸಾಕು. ಬೆಡ್ ಅಂಚಿಗೆ ಅಂಟಿಸಿ ಚಿತ್ರ ಇಟ್ಟರೆ ಈ ಹೆಚ್ಚುವರಿ ಓಟಕ್ಕೇ ಸಾಫ್ಟ್ ಲಿಮಿಟ್ (ಬೆಡ್ ಗಡಿ ದಾಟದಂತೆ ತಡೆಯುವ ಮಿತಿ) ಅಲಾರಂ ಹೊಡೆಯುತ್ತದೆ. ಗೆರೆಗಳ ಅಂತರ 0.1 ಮಿ.ಮೀ. ಇಟ್ಟು ಶುರು ಮಾಡಿ, ಅದು 254 ಡಿಪಿಐ. ಕಿರಣದ ಚುಕ್ಕೆಗಿಂತ ಅಂತರ ತೀರಾ ಕಿರಿದಾದರೆ ವಿವರ ಹೆಚ್ಚುವುದಿಲ್ಲ, ಒಂದೇ ಜಾಗ ಎರಡೆರಡು ಸಲ ಸುಡುತ್ತದೆ ಅಷ್ಟೇ.

ಇಷ್ಟಾದ ಮೇಲೆ ಪವರ್ ವಿಷಯಕ್ಕೆ ಬನ್ನಿ. $30 (ಕಂಟ್ರೋಲರಿನಲ್ಲಿ ಪೂರ್ತಿ ಪವರ್ ಸೂಚಿಸುವ ಗರಿಷ್ಠ ಎಸ್) ಮತ್ತು ಸಾಫ್ಟ್‌ವೇರಿನ ಗರಿಷ್ಠ ಎಸ್ ಒಂದೇ ಇರಲಿ. ಕಂಟ್ರೋಲರಿನಲ್ಲಿ 1000, ಸಾಫ್ಟ್‌ವೇರಿನಲ್ಲಿ 255 ಇದ್ದರೆ ನೀವು ಕೇಳಿದ ನೂರು ಶೇಕಡಾ ನಿಜದಲ್ಲಿ ಇಪ್ಪತ್ತೈದರ ಆಸುಪಾಸು. ಉಲ್ಟಾ ಆಗಿದ್ದರೆ ಕಾಲು ಭಾಗ ದಾಟಿದ್ದೆಲ್ಲ ಪೂರ್ತಿ ಪವರ್, ಫೋಟೋದ ಬೂದು ಛಾಯೆಗಳೆಲ್ಲ ಮಸಿ.

ಎಂ4ನಲ್ಲಿ ಹೆಡ್ ನಿಂತಾಗ ಕಿರಣ ಬರುವುದಿಲ್ಲ, ಲೇಸರ್ ಕೆಟ್ಟಿತೆಂದು ಬಿಚ್ಚಬೇಡಿ. ಫೋಕಸ್ ಸರಿಮಾಡಲು ಲೇಸರ್ ಸುರಕ್ಷತಾ ಕನ್ನಡಕ ಹಾಕಿಕೊಂಡು ‘ಜಿ1 ಎಫ್1000’, ಆಮೇಲೆ ‘ಎಂ3 ಎಸ್10’ ಕಳಿಸಿ. ಮುಗಿದ ತಕ್ಷಣ ಎಂ5, ಲೇಸರ್ ಆರುತ್ತದೆ.